ಕೋರಿ ಇರಲಿ, ರೊಟ್ಟಿ ಬಿಡಿ

ಮನೆಮಂದಿಯನ್ನೆಲ್ಲ ಪೇಲಿಯೊ ಊಟಕ್ಕೆ ಹಚ್ಚಬೇಕೆಂದಿದ್ದೀರಾ? ಅದರಲ್ಲಿ ವರ್ಜ್ಯವಾದ ಅಕ್ಕಿ, ಗೋಧಿ, ಬೇಳೆ, ಸಕ್ಕರೆ, ಹಾಲು ಎಲ್ಲವನ್ನೂ ಒಂದೇ ದಿನ ನಿಲ್ಲಿಸಬೇಡಿ. ರಾತ್ರಿಯೂಟದಿಂದ ಶುರುಮಾಡಿ. ಅತ್ತೆಯವರ ಕುಚ್ಚಲಕ್ಕಿ ಗಂಜಿಯ ತಂಟೆಗಂತೂ ಹೋಗಲೇಬೇಡಿ.

ಮುಂಬಯಿಯ ಗೋರೆಗಾಂವ್‌ನಲ್ಲಿ ನೆಲೆಸಿದ ನಮ್ಮ ಕರಾವಳಿಯವರಿಗೆ ಇದೇನು ದೊಡ್ಡ ಕಷ್ಟವಲ್ಲ. ಮೀನು ಮಾರುವ ಮಾವಶಿಯ ಹತ್ತಿರ ಬಂಗುಡೆಗೆ ‘ಬಾಂಗ್ಡಾ’, ಬೂತಾಯಿಗೆ ‘ತಾರ್ಲಿ’ ಎನ್ನಿ. ಕಿವಿರು ಕೆಂಪಗಿರಲಿ, ಬೆರಳೊತ್ತಿದರೆ ಗುಳಿ ಉಳಿಯಬಾರದು. ಜೂನ್-ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮೀನು ತುಟ್ಟಿ. ಆಗ ಮೊಟ್ಟೆ, ಕೋಳಿ, ಸುವರ್ಣಗೆಡ್ಡೆ. ಶೇಂಗಾ ಕೂಡ ದ್ವಿದಳ ಧಾನ್ಯವೇ, ಹಾಗಾಗಿ ಅದರ ಎಣ್ಣೆಯ ಬದಲು ತೆಂಗಿನೆಣ್ಣೆ. ಹಿಂಗಿನ ಡಬ್ಬಿ ತಿರುಗಿಸಿ ನೋಡಿ, ಬಹುತೇಕ ಅದರಲ್ಲಿ ಮೈದಾ ಇರುತ್ತದೆ!

ಬಂಗುಡೆ ಪುಳಿಮುಂಚಿ, ಬಸಳೆ-ಸಿಗಡಿ ಗಸಿ, ಕೋರಿ ಸುಕ್ಕ ಮಾಡಿದ ದಿನ ಮಕ್ಕಳು ಅನ್ನ ಕೇಳುವುದು ಕಡಿಮೆ. ಹಾಲು, ರಾಗಿ ಎರಡೂ ಹೋದರೆ ಸುಣ್ಣದಂಶ ಎಲ್ಲಿಂದ? ಬೂತಾಯಿಯನ್ನು ಮುಳ್ಳು ಮೆತ್ತಗಾಗುವಷ್ಟು ಬೇಯಿಸಿ, ಮುಳ್ಳುಸಮೇತ ತಿನ್ನಿಸಿ. ಬೇಳೆಯನ್ನೂ ದೂರವಿಡುವ ಹಠ ಮಾತ್ರ ನನಗೆ ಒಪ್ಪಿಗೆಯಿಲ್ಲ, ಬೆಳೆಯುವ ಮಕ್ಕಳಿಗೆ ತೊವ್ವೆ ಇರಲಿ.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡುವ ಮುನ್ನವೇ ಡಾಕ್ಟರರನ್ನು ಕೇಳಿ. ಔಷಧದ ಪ್ರಮಾಣ ಬದಲಿಸದಿದ್ದರೆ ಸಕ್ಕರೆ ದಿಢೀರನೆ ಇಳಿಯಬಹುದು.