ತೂಕದ ಆಪರೇಷನ್ ಆದಮೇಲೆ ಓಕರಿಕೆ

ಪ್ರಶ್ನೆ: ಸ್ಲೀವ್ ಆಪರೇಷನ್ ಆಗಿ ಐದು ವಾರವಾಯಿತು. ಗಂಜಿ, ತಿಳಿಸಾರು ಚೆನ್ನಾಗಿಯೇ ಇಳಿಯುತ್ತಿತ್ತು. ಮೆತ್ತಗಿನದು ತಿನ್ನಬಹುದು ಅಂದರು ಅಂತ ಮುದ್ದೆ ಶುರುಮಾಡಿದೆ. ಎರಡು ತುತ್ತಿಗೇ ಎದೆ ಹತ್ತಿರ ಕಟ್ಟಿದಂತಾಗಿ, ಬಾಯಲ್ಲಿ ನೀರೂರಿ ಓಕರಿಕೆ ಬರುತ್ತದೆ. ನೀರು ಕುಡಿದರೆ ವಾಂತಿ. ಅತ್ತೆ ‘ಪಿತ್ತ, ಬೆರಳು ಹಾಕಿ ಕಕ್ಕಿಬಿಡು’ ಅನ್ನುತ್ತಾರೆ.
– ಹೆಸರು ಬೇಡ, ಚನ್ನರಾಯಪಟ್ಟಣ

ಉತ್ತರ: ಬೆರಳು ಖಂಡಿತ ಬೇಡ. ಮುದ್ದೆಯೂ ಸದ್ಯಕ್ಕೆ ಬೇಡ. ತಪ್ಪು ರಾಗಿಯದಲ್ಲ, ನುಂಗುವುದರದು. ನಿಮ್ಮ ಕಡೆ ಮುದ್ದೆ ಅಗಿಯುವವರನ್ನು ಕಂಡರೆ ನಗುತ್ತಾರೆ, ಗೊತ್ತು. ಆದರೆ ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಪಾಲು ತೆಗೆದಿರುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಕೊಳವೆ, ಹಿಡಿಯುವುದು 100ರಿಂದ 150 ಮಿ.ಲೀ. ಅಷ್ಟೆ. ಊಟಕ್ಕೆ ತಕ್ಕಂತೆ ಹಿಗ್ಗುತ್ತಿದ್ದ ಮೇಲ್ಭಾಗವೇ ಈಗಿಲ್ಲ. ಅಗಿಯದ ಅಂಟುಂಡೆ ಅದರಲ್ಲಿ ಸಿಕ್ಕಿಕೊಂಡಿರುವಾಗ ಮೇಲಿಂದ ನೀರು ಸುರಿದರೆ ವಾಂತಿಯಲ್ಲದೆ ಇನ್ನೇನು?

ಅದೇ ರಾಗಿಯನ್ನು ತೆಳ್ಳಗೆ ಅಂಬಲಿ ಮಾಡಿ, ಮಜ್ಜಿಗೆ ಬೆರೆಸಿ ಕುಡಿಯಿರಿ. ಗಟ್ಟಿ ಪದಾರ್ಥವಾದರೆ ಟೀ ಚಮಚದಲ್ಲಿ ತೆಗೆದುಕೊಂಡು ಬಾಯಲ್ಲೇ ನುಣ್ಣಗಾಗುವ ತನಕ ಅಗಿಯಿರಿ, ಚಮಚ ಕೆಳಗಿಡಿ, ಸ್ವಲ್ಪ ತಡೆದು ಮುಂದಿನದು. ಅಂಗೈಯಷ್ಟು ಊಟಕ್ಕೆ 20–30 ನಿಮಿಷ ಹಿಡಿಯಬೇಕು. ಬಿಕ್ಕಳಿಕೆ, ಮೂಗು ಸೋರುವುದು, ಬಾಯಲ್ಲಿ ನೀರು, ಇವು ಹೊಟ್ಟೆ ‘ಸಾಕು’ ಅನ್ನುವ ಸೂಚನೆಗಳು. ಅಲ್ಲಿಗೆ ತಟ್ಟೆ ಸರಿಸಿ, ಬಡಿಸುವವರು ‘ಇನ್ನೊಂದೇ ತುತ್ತು’ ಎಂದರೂ. ಆ ಒಂದು ತುತ್ತೇ ಕೆಡಿಸುವುದು.

ಊಟಕ್ಕೆ ಅರ್ಧ ಗಂಟೆ ಮುಂಚೆ, ಅರ್ಧ ಗಂಟೆ ಆಮೇಲೆ ನೀರು ಬೇಡ. ಮಿಕ್ಕ ಹೊತ್ತೆಲ್ಲ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರ್ ಆಗಬೇಕು. ನೀರು ಕಡಿಮೆಯಾದರೂ ಓಕರಿಕೆ ಬರುತ್ತದೆ, ಓಕರಿಕೆ ಬಂದರೆ ನೀರು ಸೇರುವುದಿಲ್ಲ. ಹೆಚ್ಚಿನವರು ಸಿಕ್ಕಿಬೀಳುವುದು ಈ ಸುಳಿಯಲ್ಲೇ.

ಒಗ್ಗರಣೆ ಘಾಟಿಗೇ ಹೊಟ್ಟೆ ತೊಳಸುತ್ತಿದ್ದರೆ ಕೆಲವು ವಾರ ಬೇರೆಯವರು ಅಡುಗೆ ಮಾಡಲಿ. ಆರಿದ ಊಟದ ವಾಸನೆ ಕಡಿಮೆ. ವಿಟಮಿನ್, ಕಬ್ಬಿಣದ ಮಾತ್ರೆ ಬರಿಹೊಟ್ಟೆಗೆ ತೆಗೆದುಕೊಂಡರೂ ಹೀಗಾಗುತ್ತದೆ. ಅವನ್ನು ನಿಲ್ಲಿಸಬೇಡಿ, ಹೊತ್ತು ಬದಲಿಸಿ. ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ, ಹುಣ್ಣಾಗುತ್ತದೆ. ಇಷ್ಟು ಮಾಡಿಯೂ ಅಂಬಲಿಯೇ ಇಳಿಯದಿದ್ದರೆ ಸರ್ಜನ್‌ಗೆ ತೋರಿಸಿ.

ಪ್ರಶ್ನೆ: ಹೆಂಡತಿಗೆ ತೂಕ ಇಳಿಸುವ ಬೈಪಾಸ್ ಆಗಿ ಎರಡು ತಿಂಗಳು. ಹತ್ತು ದಿನದಿಂದ ನೀರೂ ನಿಲ್ಲುತ್ತಿಲ್ಲ. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸಿದೆವು. ಈಗ ಎರಡೆರಡು ಕಾಣುತ್ತದಂತೆ, ನಡೆದರೆ ಓಲಾಡುತ್ತಾಳೆ.
– ಓದುಗ, ಬೆಂಗಳೂರು

ಉತ್ತರ: ನಿಮಗೆ ಫೋನಿನಲ್ಲೇ ತಿಳಿಸಿದ್ದೇವೆ, ಇಲ್ಲಿ ಬರೆಯುತ್ತಿರುವುದು ಉಳಿದವರಿಗಾಗಿ. ಇದು ‘ಆಪರೇಷನ್ ಆದವರಿಗೆ ಇದ್ದದ್ದೇ’ ಎಂದು ಕಾಯುವ ವಾಂತಿಯಲ್ಲ. ದೇಹದಲ್ಲಿ ಬಿ1, ಅಂದರೆ ಥಯಾಮಿನ್, ಕೆಲವೇ ವಾರಗಳಿಗಾಗುವಷ್ಟು ಮಾತ್ರ ಇರುತ್ತದೆ. ಅದು ಬರಿದಾದಾಗ ಕಣ್ಣು, ನಡಿಗೆ, ಬುದ್ಧಿ ತಪ್ಪುತ್ತವೆ. ಗ್ಲೂಕೋಸ್ ಅರಗಲೂ ಬಿ1 ಬೇಕು. ಅದಿಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಪರಿಸ್ಥಿತಿ ಬಿಗಡಾಯಿಸಬಹುದು. ತಡವಾದರೆ ನೆನಪಿನ ಶಕ್ತಿ ಮರಳಿ ಬಾರದೆಯೂ ಹೋಗಬಹುದು. ಹಾಗಾಗಿ ಎಮರ್ಜೆನ್ಸಿಗೆ ಹೋದ ತಕ್ಷಣ ‘ತೂಕ ಇಳಿಸುವ ಬೈಪಾಸ್ ಆಗಿದೆ, ಹತ್ತು ದಿನದಿಂದ ವಾಂತಿ, ಮೊದಲು ಥಯಾಮಿನ್ ಇಂಜೆಕ್ಷನ್’ ಎಂದು ಬಾಯಿಬಿಟ್ಟು ಹೇಳಿ. ಸಂಕೋಚ ಬೇಡ, ಡ್ಯೂಟಿಯಲ್ಲಿರುವ ವೈದ್ಯರಿಗೆ ಆಪರೇಷನ್ ವಿಷಯ ಗೊತ್ತಿರುವುದಿಲ್ಲ. ವಾಂತಿಗೆ ಕಾರಣ ಜಠರ-ಕರುಳಿನ ಜೋಡಣೆಯ ಜಾಗ ಕಿರಿದಾದದ್ದಾಗಿದ್ದರೆ, ಸಾಮಾನ್ಯವಾಗಿ ಎಂಡೋಸ್ಕೋಪಿಯಲ್ಲಿ ಬಲೂನ್ ಹಾಕಿ ಹಿಗ್ಗಿಸುತ್ತಾರೆ. ಜ್ವರ, ಹೊಟ್ಟೆನೋವು, ಎದೆಬಡಿತ ಜೋರಾಗುವುದು ಕಂಡರೂ ಅಂದೇ ಹೋಗಬೇಕು.

ಪ್ರಶ್ನೆ: ವಯಸ್ಸು 27, ಸ್ಲೀವ್ ಆಗಿ ಏಳು ತಿಂಗಳು. ಎಲ್ಲಾ ಸರಿಹೋಗಿತ್ತು. ಈಗ ಮತ್ತೆ ಬೆಳಗ್ಗೆ ಓಕರಿಕೆ.
– ಓದುಗಿ, ದಾವಣಗೆರೆ

ಉತ್ತರ: ಮದುವೆಯಾಗಿದ್ದೀರೋ ಇಲ್ಲವೋ ಬರೆದಿಲ್ಲ, ನಾನೂ ಕೇಳುವುದಿಲ್ಲ. ಗರ್ಭದ ಸಾಧ್ಯತೆ ಇದ್ದರೆ ಮೊದಲು ಆ ಪರೀಕ್ಷೆ ಮಾಡಿಕೊಳ್ಳಿ. ತೂಕ ಇಳಿದಂತೆ ನಿಂತಿದ್ದ ಮುಟ್ಟು ಮರಳಿ, ಬಸಿರು ಬೇಗ ನಿಲ್ಲುವುದುಂಟು. ಆಪರೇಷನ್ ಆದಮೇಲೆ 12ರಿಂದ 18 ತಿಂಗಳು ಬಸಿರು ಮುಂದೂಡಿ ಎಂದು ಹೇಳುವುದು ವಾಡಿಕೆ. ಆದರೂ ನಿಂತಿದ್ದರೆ ಗಾಬರಿ ಬೇಡ, ಪ್ರಸೂತಿ ತಜ್ಞರಿಗೂ ಸರ್ಜನ್‌ಗೂ ಅದೇ ವಾರ ತಿಳಿಸಿ. ಬಸಿರಲ್ಲವೆಂದಾದರೆ ಪಿತ್ತಕೋಶದ ಕಲ್ಲಿಗೆ ಒಂದು ಸ್ಕ್ಯಾನ್ ಮಾಡಿಸಿ; ತೂಕ ಬೇಗ ಇಳಿದವರಲ್ಲಿ ಅದು ಸಾಮಾನ್ಯ.