ಅಂತರ್ಜಾಲ ಶಿಕ್ಷಣಕ್ಕೆ ಸೇರುವ ಮುನ್ನ

ತಾಂಬರಂನ ಮನೆಯಲ್ಲಿ ಕುಳಿತೇ ದೂರದ ವಿಶ್ವವಿದ್ಯಾಲಯದ ಪಾಠ ಕೇಳುವ ಅನುಕೂಲವು ಇಂದು ನಮಗೆ ಒದಗಿದೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಶುಲ್ಕ ಕಟ್ಟುವ ಮೊದಲು ಮೂರು ಸಂಗತಿಗಳನ್ನು ನಾವು ವಿಚಾರಿಸತಕ್ಕದ್ದು.

ಮೊದಲನೆಯದು ಮಾನ್ಯತೆ. ದೂರಶಿಕ್ಷಣಕ್ಕೆಂದೇ 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013ರಿಂದ ಕೆಲವು ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇರಲಿಲ್ಲ. 2018ರಲ್ಲಿ ಅದು ಮರಳಿ ದೊರೆಯಿತು. ನಡುವೆ ಸೇರಿದವರ ಪದವಿಯ ಬೆಲೆಯೇ ಪ್ರಶ್ನೆಗೊಳಗಾಯಿತು. ಆದಕಾರಣ ಸಂಸ್ಥೆಯ ಹೆಸರನ್ನಷ್ಟೇ ನಂಬದೆ, ನಾವು ಸೇರುವ ವರ್ಷಕ್ಕೆ ಆ ಪಠ್ಯಕ್ರಮವು ಆಯೋಗದ ಪಟ್ಟಿಯಲ್ಲಿ ಇದೆಯೇ ಎಂದು ನೋಡಬೇಕು.

ಎರಡನೆಯದು ಪರೀಕ್ಷೆ. ನಮ್ಮ ನೆರೆಯ ಮದ್ರಾಸ್ ಐ.ಐ.ಟಿ. 2020ರಲ್ಲಿ ತೊಡಗಿಸಿದ ದತ್ತಾಂಶ ವಿಜ್ಞಾನದ ಶಿಕ್ಷಣದಲ್ಲಿ ಪಾಠ ಮನೆಯಲ್ಲಿಯಾದರೂ, ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಕೇಂದ್ರವೆಲ್ಲಿ, ವೆಚ್ಚವೆಷ್ಟು ಎಂಬುದನ್ನು ಮೊದಲೇ ತಿಳಿಯೋಣ.

ಮೂರನೆಯದು ಭಾಷೆ. ಕನ್ನಡದಲ್ಲಿ ಕಲಿತ ನಮಗೆ ಇಂಗ್ಲಿಷ್ ಪಾಠವು ಮೊದಮೊದಲು ಕೈಗೆ ಸಿಗದೆ ಓಡುತ್ತದೆ. ಬಳಿಯಲ್ಲಿ ಕೇಳಲು ಗುರುಗಳೂ ಇಲ್ಲ. 2017ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ‘ಸ್ವಯಂ’ ಜಾಲತಾಣದಲ್ಲಿ ಪಾಠ ಕೇಳಲು ಶುಲ್ಕವಿಲ್ಲ. ಅಲ್ಲಿ ಒಂದು ವಿಷಯವನ್ನು ಕೊನೆಯವರೆಗೆ ಕಲಿತು ನಮ್ಮ ಶಕ್ತಿಯನ್ನು ಅಳೆದುಕೊಳ್ಳೋಣ. ಹಣ ಕಟ್ಟುವುದು ಆಮೇಲೆ. ಆ ಹಣ ನಮ್ಮ ತಾಯಿತಂದೆಯರ ಬೆವರು.