ಸರ್ವರಿಗೆ ಎರಡನೆಯ ಹಾರ್ಡ್ ಡಿಸ್ಕ್ : ಕಾಣದ ಡಿಸ್ಕನ್ನು ಹುಡುಕುವ ಬಗೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳಂತಹ ಊರುಗಳ ಕಾಲೇಜು ಕಛೇರಿಗಳಲ್ಲಿಯೂ ಇಂದು ದಪ್ಪ ರಟ್ಟಿನ ದಾಖಲೆಪುಸ್ತಕಗಳ ಪಕ್ಕದಲ್ಲಿ ಸರ್ವರ್ ಎಂಬ ಗಣಕಯಂತ್ರವಿರುವುದುಂಟು. ವಿದ್ಯಾರ್ಥಿಗಳ ಪ್ರವೇಶ, ಹಾಜರಿ, ಆಂತರಿಕ ಪರೀಕ್ಷೆಯ ಅಂಕ ಇವೆಲ್ಲವೂ ಅದರ ಹಾರ್ಡ್ ಡಿಸ್ಕಿನಲ್ಲಿ ಅಡಗಿರುತ್ತವೆ. ಕೆಲವು ವರ್ಷಗಳಲ್ಲಿ ಅದು ತುಂಬುತ್ತದೆ, ಇನ್ನೊಂದನ್ನು ಜೋಡಿಸಬೇಕಾಗುತ್ತದೆ. ಹೀಗೆ ಜೋಡಿಸಿ ಯಂತ್ರವನ್ನು ಚಾಲೂ ಮಾಡಿದಾಗ ಹೊಸ ಡಿಸ್ಕ್ ಎಲ್ಲಿಯೂ ಕಾಣಿಸಲಿಲ್ಲವೆಂದು ಭಾವಿಸೋಣ. ಆಗ ದೋಷವನ್ನು ಹುಡುಕುವುದೆಂತು?

ಮೊದಲು ವಸ್ತುವಿನ ಪರಿಚಯ ಬೇಕು. 1956ರಲ್ಲಿ ಐಬಿಎಂ ಕಂಪನಿಯು ಹೊರತಂದ ಮೊತ್ತಮೊದಲಿನ ಡಿಸ್ಕ್ ಘಟಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅಷ್ಟು ದೊಡ್ಡ ಯಂತ್ರವು ಹಿಡಿಯುತ್ತಿದ್ದುದು ಕೇವಲ 50 ಲಕ್ಷ ಅಕ್ಷರಗಳನ್ನು. ಇಂದಿನ ಡಿಸ್ಕ್ ಅಂಗೈಯಗಲದ್ದು. ಅದರೊಳಗಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 7200 ಸಲ ಸುತ್ತುತ್ತವೆ. ತಟ್ಟೆಯ ವ್ಯಾಸ 95 ಮಿಲಿಮೀಟರ್ ಎಂದು ಹಿಡಿದು ವಾಚಕರೇ ಲೆಕ್ಕ ಹಾಕಿ ನೋಡಬಹುದು: ಅಂಚಿನ ವೇಗ ಸೆಕೆಂಡಿಗೆ ಸುಮಾರು 36 ಮೀಟರ್, ಅಂದರೆ ಗಂಟೆಗೆ 130 ಕಿಲೋಮೀಟರಿನಷ್ಟು! ಕಾಂತತ್ವದ ಗುರುತುಗಳನ್ನು ಓದುವ ತಲೆಯು ಈ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಓಡುತ್ತಿರುವ ಡಿಸ್ಕನ್ನು ಕುಲುಕಬಾರದೆನ್ನುವುದು ಇದೇ ಕಾರಣದಿಂದ.

ಆದಕಾರಣ ಮೊದಲ ಪ್ರಶ್ನೆ: ತಟ್ಟೆ ಸುತ್ತುತ್ತಿದೆಯೇ? ಮೆಲ್ಲಗೆ ಬೆರಳಿಟ್ಟರೆ ಕಂಪನವು ತಿಳಿಯುತ್ತದೆ. ಕಂಪನವಿಲ್ಲದಿದ್ದರೆ ವಿದ್ಯುತ್ ಪೂರೈಕೆಯನ್ನು ಶಂಕಿಸಬೇಕು. ಹೊಲದ ಬಾವಿಯ ಪಂಪು ಶುರುವಾದ ಕ್ಷಣದಲ್ಲಿ ಮನೆಯ ದೀಪ ಮಂಕಾಗುವುದನ್ನು ನಮ್ಮ ಭಾಗದವರೆಲ್ಲ ಕಂಡಿದ್ದಾರೆ. ನಿಂತ ಮೋಟಾರನ್ನು ಎಬ್ಬಿಸಲು ಓಡುವ ಮೋಟಾರಿಗಿಂತ ಹೆಚ್ಚು ವಿದ್ಯುತ್ ಬೇಕು. ಡಿಸ್ಕಿನ ಮೋಟಾರೂ ಹಾಗೆಯೇ. 12 ವೋಲ್ಟಿನ ತಂತಿಯಿಂದ ಅದು ಆರಂಭದಲ್ಲಿ ಸುಮಾರು 2 ಆಂಪಿಯರ್, ಎಂದರೆ 24 ವಾಟ್ ಸೆಳೆಯಬಹುದು. ವೇಗ ಹಿಡಿದ ತರುವಾಯ ಅದರಲ್ಲೊಂದು ಪಾಲು ಸಾಕು. ನಾಲ್ಕು ಡಿಸ್ಕುಗಳು ಒಮ್ಮೆಗೇ ಎದ್ದರೆ ಬಡಕಲು ಪೂರೈಕೆ ಪೆಟ್ಟಿಗೆಯು ಸೋಲುವುದು ಸಹಜ. ಉತ್ತಮ ಸರ್ವರುಗಳು ಅವನ್ನು ಒಂದಾದ ಮೇಲೊಂದರಂತೆ ಎಬ್ಬಿಸುತ್ತವೆ.

ಇಲ್ಲೊಂದು ವಿಚಿತ್ರವುಂಟು. ಸಾಟಾ ವಿದ್ಯುತ್ ಜೋಡಣೆಯಲ್ಲಿ 15 ಸಂಪರ್ಕಗಳಿದ್ದು, ಮೂರನೆಯದು ಹಿಂದೆ 3.3 ವೋಲ್ಟಿನದಾಗಿತ್ತು. ಇತ್ತೀಚಿನ ಕೆಲವು ಡಿಸ್ಕುಗಳಲ್ಲಿ ಅದೇ ಸಂಪರ್ಕಕ್ಕೆ ವಿದ್ಯುತ್ ಬಂದರೆ ‘ಸುಮ್ಮನಿರು’ ಎಂದು ಅರ್ಥ! ಹಳೆಯ ಪೂರೈಕೆ ಪೆಟ್ಟಿಗೆಯು ಅಲ್ಲಿ 3.3 ವೋಲ್ಟ್ ಕೊಡುತ್ತಲೇ ಇರುತ್ತದೆ. ಡಿಸ್ಕ್ ಆಜ್ಞೆಯನ್ನು ಪಾಲಿಸಿ ಸುಮ್ಮನಿರುತ್ತದೆ. ಎರಡರಲ್ಲಿಯೂ ದೋಷವಿಲ್ಲ. ಆದರೂ ಅಂಗಡಿಗೆ ಹಿಂದಿರುಗುವುದು ಪಾಪದ ಡಿಸ್ಕೇ. 3.3 ವೋಲ್ಟಿನ ತಂತಿಯಿಲ್ಲದ ಕೇಬಲನ್ನು ಬಳಸಿದರೆ ಅದು ಎದ್ದು ಕೂರುತ್ತದೆ.

ತಟ್ಟೆ ಸುತ್ತುತ್ತಿದ್ದರೆ ಎರಡನೆಯ ಪ್ರಶ್ನೆ: ಯಂತ್ರದ ಬಯಾಸ್ ಪಟ್ಟಿಯಲ್ಲಿ ಅದರ ಹೆಸರಿದೆಯೇ? ಇಲ್ಲದಿದ್ದರೆ ದತ್ತಾಂಶದ ಕೇಬಲನ್ನೂ ಕಿಂಡಿಯನ್ನೂ ಬದಲಿಸಿ ನೋಡಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ. ಎರಡನ್ನೂ ಕೂಡಿಯೇ ಬದಲಿಸಿದರೆ ದೋಷವು ಯಾವುದರದೆಂದು ತಿಳಿಯದು. ಪ್ರತಿ ಸಲವೂ ಯಂತ್ರವನ್ನು ನಿಲ್ಲಿಸಿ ಪ್ಲಗ್ಗನ್ನು ಕಿತ್ತಿಡುವುದು ಅವಶ್ಯ.

ಬಯಾಸ್‌ನಲ್ಲಿ ಕಂಡರೂ ಕಡತ ಇಡಲು ಸ್ಥಳ ದೊರೆಯದಿದ್ದರೆ ಗಾಬರಿಯಾಗಬೇಕಿಲ್ಲ. ಹೊಸ ಡಿಸ್ಕ್ ಗೆರೆ ಎಳೆಯದ ಹಾಳೆಯಂತೆ. ಅದಕ್ಕೆ ವಿಭಾಗ ಪಟ್ಟಿಯೂ ಕಡತ ವ್ಯವಸ್ಥೆಯೂ ಬೇಕು. ಹಳೆಯ ‘ಎಂಬಿಆರ್’ ಪಟ್ಟಿಯು ವಿಳಾಸಕ್ಕೆ 32 ಬಿಟ್ ಮಾತ್ರ ಬಳಸುತ್ತದೆ. 512 ಬೈಟಿನ ತುಂಡುಗಳಾದರೆ 2ರ 32ನೆಯ ಘಾತವನ್ನು 512ರಿಂದ ಗುಣಿಸಿದಷ್ಟು, ಎಂದರೆ ಸುಮಾರು 2.2 ಟೆರಾಬೈಟು ಅದರ ಎಲ್ಲೆ. 4 ಟೆರಾಬೈಟಿನ ಡಿಸ್ಕಿನಲ್ಲಿ ಉಳಿದ 1.8 ವ್ಯರ್ಥವಾಗುತ್ತದೆ. ‘ಜಿಪಿಟಿ’ ಪಟ್ಟಿಗೆ ಈ ತೊಡಕಿಲ್ಲ.

ಅತ್ಯಂತ ಎಚ್ಚರ ಬೇಕಾದುದು ಇಲ್ಲಿಯೇ. ತಪ್ಪು ಡಿಸ್ಕನ್ನು ಆರಿಸಿ ‘ಫಾರ್ಮ್ಯಾಟ್’ ಒತ್ತಿದರೆ ನೂರಾರು ವಿದ್ಯಾರ್ಥಿಗಳ ಅಂಕಗಳು ಕ್ಷಣಮಾತ್ರದಲ್ಲಿ ಕೈತಪ್ಪುತ್ತವೆ. ಲಿನಕ್ಸ್ ವ್ಯವಸ್ಥೆಯು ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ಕಂಡ ಕ್ರಮದಲ್ಲಿ ಕೊಡುತ್ತದೆ. ಹೊಸದು ಬಂದಾಗ ನಿನ್ನೆಯ ‘ಎ’ ಇಂದು ‘ಬಿ’ ಆದೀತು. ಇದು ತರಗತಿಯಲ್ಲಿ ಬಂದವರು ಬಂದಂತೆ ಬೆಂಚಿನಲ್ಲಿ ಕೂರುವ ಹಾಗೆ. ಪರೀಕ್ಷೆಯ ನೋಂದಣಿ ಸಂಖ್ಯೆಯಾದರೋ ಎಲ್ಲಿ ಕುಳಿತರೂ ಬದಲಾಗದು. ಡಿಸ್ಕಿನ ಮೇಲಿನ ಕ್ರಮಸಂಖ್ಯೆ ಅಂತಹುದು. ಕೆಲಸಕ್ಕೆ ಮುಂಚೆ ಅದನ್ನು ಕಾಗದದಲ್ಲಿ ಬರೆದುಕೊಂಡು ಪರದೆಯೊಡನೆ ಹೋಲಿಸಬೇಕು. ಆರಂಭದ ಪಟ್ಟಿಯಲ್ಲಿಯೂ ಎಸ್‌ಡಿಬಿ ಎಂದು ಬರೆಯದೆ ಕಡತ ವ್ಯವಸ್ಥೆಯ ಸ್ಥಿರ ಗುರುತಾದ ‘ಯುಯುಐಡಿ’ಯನ್ನೇ ಬರೆಯುವುದು ಲೇಸು. ಬಳಿಕ ಒಂದು ಕಡತವನ್ನು ಹೊಸ ಡಿಸ್ಕಿಗೆ ನಕಲು ಮಾಡಿ, ಯಂತ್ರವನ್ನು ಪೂರ್ತಿ ನಿಲ್ಲಿಸಿ, ಮತ್ತೆ ಎಬ್ಬಿಸಿ, ಅದು ತೆರೆಯುವುದೇ ಎಂದು ನೋಡಿದ ಮೇಲೆಯೇ ಪೆಟ್ಟಿಗೆಯ ಮುಚ್ಚಳಕ್ಕೆ ಸ್ಕ್ರೂ ಹಾಕಬಹುದು.